ತೂಕ ನೋಡಿ 'ದಿನ ತುಂಬಿದೆ' ಎನ್ನಬೇಡಿ

ಹೆರಿಗೆ ಕೋಣೆಯ ಹೊರಗೆ ಕಾದಿರುವವರ ಮೊದಲ ಪ್ರಶ್ನೆ ಗಂಡೋ ಹೆಣ್ಣೋ, ಎರಡನೆಯದು 'ಎಷ್ಟು ಕೆಜಿ?' ಮೂರು ಕೆಜಿ ಎಂದರೆ ಮುಗಿಯಿತು: ದಿನ ತುಂಬಿದ ಮಗು, ನಾಳೆಯೇ ಮನೆಗೆ. ಎರಡು ಕೆಜಿ ಎಂದರೆ 'ಅಯ್ಯೋ, ಮುಂಚೆನೇ ಆಗೋಯ್ತಲ್ಲ' ಎಂಬ ಗೋಳು. ಎರಡೂ ತಪ್ಪಿರಬಹುದು. ತಕ್ಕಡಿ ಭಾರ ಹೇಳುತ್ತದೆ, ವಾರ ಹೇಳುವುದಿಲ್ಲ. 2.5 ಕೆಜಿಗಿಂತ ಕಡಿಮೆಯಿದ್ದರೆ ಕಡಿಮೆ ತೂಕದ ಮಗು; 37 ವಾರ ತುಂಬುವ ಮೊದಲು ಹುಟ್ಟಿದರೆ ಅವಧಿಪೂರ್ವ ಮಗು. ಇವೆರಡು ಬೇರೆ ಬೇರೆ ಲೆಕ್ಕ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ.

ಒಮ್ಮೆ, ಬಸಿರಿನಲ್ಲಿ ಸಕ್ಕರೆ ಕಾಯಿಲೆಯಿದ್ದ ತಾಯಿಗೆ 3 ಕೆಜಿ 200 ಗ್ರಾಂನ ಮಗು; ಅಂಥ ತಾಯಂದಿರ ಕೂಸು ದಿನ ತುಂಬದೆಯೂ ದಪ್ಪಗಿರುವುದುಂಟು. 'ಕೆನ್ನೆ ನೋಡಿ ಡಾಕ್ಟ್ರೇ, ಹೆಂಗೈತೆ!' ಅಂದರು ಅಜ್ಜಿ. ನಾನು ನೋಡಿದ್ದು ಅಂಗಾಲು. ಬೆರಳುಗಳ ಬುಡದ ಹತ್ತಿರ ಒಂದೆರಡು ಗೆರೆ, ಹಿಮ್ಮಡಿಯತ್ತ ಪೂರ್ತಿ ನುಣುಪು. ಮಡಚಿ ಬಿಟ್ಟ ಕಿವಿ ಪಟ್ಟನೆ ಚಿಮ್ಮದೆ ಮೆತ್ತಗೆ ತೆರೆದುಕೊಂಡಿತು. ಶಾಲು ಹೊದಿಸುವಂತೆ ಕೈಯನ್ನು ಎದುರು ಭುಜದತ್ತ ಎಳೆದರೆ ಮೊಣಕೈ ಎದೆಯ ನಡುಗೆರೆಯನ್ನು ಸಲೀಸಾಗಿ ದಾಟಿತು. ದಿನ ತುಂಬಿದ್ದರೆ ಅದು ಸಾಮಾನ್ಯವಾಗಿ ಈಚೆಯೇ ನಿಲ್ಲುತ್ತದೆ. ಇಂಥ ಒಂದೊಂದು ಲಕ್ಷಣಕ್ಕೂ ನಾವು ಕೊಡುವ ಅಂಕ ಕೂಡಿಸಿದರೆ 35 ವಾರದ ಆಸುಪಾಸು. ಮೂರನೇ ತಿಂಗಳ ಸ್ಕ್ಯಾನೂ ಅದನ್ನೇ ಹೇಳುತ್ತಿತ್ತು. 'ಒಂಬತ್ತಕ್ಕೆ ಬಿದ್ದಿತ್ತಲ್ಲಾ' ಅಂದರು ಅಜ್ಜಿ. ಬಿದ್ದಿತ್ತು, ತುಂಬಿರಲಿಲ್ಲ.

ಮಾರನೆಯ ದಿನ ಮನೆಯವರಿಗೆಲ್ಲ ಖುಷಿ: 'ಎಷ್ಟು ಸಾಧು ಕೂಸು, ಅಳೋದೇ ಇಲ್ಲ!' ಈ 'ಸಾಧು ಕೂಸು'ಗಳೇ ನನ್ನ ನಿದ್ದೆ ಕೆಡಿಸುವುದು. ಎರಡು ಗುಟುಕು ಚೀಪಿ ಅವು ಮಲಗಿಬಿಡುತ್ತವೆ. ರಕ್ತದ ಸಕ್ಕರೆ ಇಳಿಯುತ್ತದೆ, ಮೈ ತಣ್ಣಗಾಗುತ್ತದೆ, ಕಾಮಾಲೆ ಏರುತ್ತದೆ. ಕೆನ್ನೆ ತುಂಬಿಕೊಂಡಿದ್ದರೂ ಮಿದುಳು, ಪಿತ್ತಜನಕಾಂಗ 35 ವಾರದವೇ. ಆ ಮಗುವಿಗೆ ಎಬ್ಬಿಸಿ ಎಬ್ಬಿಸಿ ಹಾಲು ಕೊಡಿಸಿದೆವು, ಮನೆಗೆ ಕಳಿಸಿದ್ದು ಐದನೇ ದಿನ. ಅಜ್ಜಿಗೆ ನನ್ನ ಮೇಲೆ ಇನ್ನೂ ಪೂರ್ತಿ ನಂಬಿಕೆ ಬಂದಂತಿಲ್ಲ.

ತಾಯಿಯ ರಕ್ತದೊತ್ತಡದಿಂದ ಒಳಗೇ ಬೆಳವಣಿಗೆ ಕುಂಠಿತವಾದ 1,900 ಗ್ರಾಂ ಮಗುವಿನ ಕಥೆ ತಿರುಗುಮುರುಗು. ಮೈ ಒಣಕಲು, ಆದರೆ ಅಂಗಾಲಿನ ತುಂಬ ಗೆರೆ, ಪಿಳಿಪಿಳಿ ಕಣ್ಣು, ಬೆರಳು ಕೊಟ್ಟರೆ ಹಸಿದು ಚೀಪುತ್ತದೆ. ಅದು 38 ವಾರದ್ದು. ಅದಕ್ಕೂ ಸಕ್ಕರೆ ಇಳಿಯಬಹುದು, ಹಾಗೆಂದು ಅವಧಿಪೂರ್ವ ಮಗುವಲ್ಲ.

ನಾವು ಬಳಸುವುದು 1991ರಲ್ಲಿ ಪರಿಷ್ಕರಿಸಿದ ಬ್ಯಾಲಾರ್ಡ್ ಅಂಕಪಟ್ಟಿ: ಚರ್ಮ, ಅಂಗಾಲು, ಕಿವಿಯಂಥ ಆರು ದೇಹಲಕ್ಷಣ, ಸ್ನಾಯುಗಳ ಬಿಗಿ ಅಳೆಯುವ ಆರು ಪರೀಕ್ಷೆ. ಅದೇನೂ ದೈವವಾಣಿಯಲ್ಲ. ಎರಡು ವಾರ ಆಚೀಚೆ ಆಗಬಹುದು. ಹುಟ್ಟುವಾಗ ಉಸಿರುಗಟ್ಟಿದ ಮಗು ಮೆತ್ತಗಿರುತ್ತದೆ, ಅಂಕ ಮೋಸ ಮಾಡುತ್ತದೆ. ಅಂಗಾಲು ನೋಡಿ '35 ವಾರ 4 ದಿನ' ಎನ್ನುವವರನ್ನು ನಾನಂತೂ ನಂಬುವುದಿಲ್ಲ. ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್ ಇದ್ದರೆ ವಾರದ ಲೆಕ್ಕಕ್ಕೆ ಅದೇ ಮೇಲು. ಅದನ್ನು ತಾಯಿ ಕಾರ್ಡಿನ ಜೊತೆಗೇ ಇಟ್ಟುಕೊಂಡು ಬನ್ನಿ. ಜನ ತರುವುದು ಕೊನೆಯ ಸ್ಕ್ಯಾನ್, ಮೊದಲನೆಯದು ಊರಿನ ಬೀರುವಿನಲ್ಲಿರುತ್ತದೆ!

'ಏಳರದ್ದು ಉಳಿಯುತ್ತೆ, ಎಂಟರದ್ದು ಉಳಿಯಲ್ಲ' ಎಂಬ ಮಾತನ್ನೂ ಇನ್ನು ಬಿಟ್ಟುಬಿಡಿ. ಒಳಗೆ ಆರೋಗ್ಯವಾಗಿದ್ದರೆ ಒಂದೊಂದು ವಾರವೂ ಲಾಭವೇ.

ವಾರದ ಲೆಕ್ಕ ಮನೆಗೆ ಹೋದ ಮೇಲೂ ಬೇಕು. 34 ವಾರಕ್ಕೆ ಮೊದಲು ಹುಟ್ಟಿದ್ದರೆ, ತೂಕ ಎರಡು ಕೆಜಿ ದಾಟಿದ್ದರೂ, ಹುಟ್ಟಿದ 30 ದಿನದೊಳಗೆ ಕಣ್ಣಿನ ಒಳಪದರವಾದ ರೆಟಿನಾದ ಪರೀಕ್ಷೆ ಮಾಡಿಸಲೇಬೇಕು. ತೀರಾ ಬೇಗ ಹುಟ್ಟಿದ್ದರೆ ಇನ್ನೂ ಮೊದಲು. 'ಮಗು ಗುಂಡಗಿದೆ, ಕಣ್ಣಿಗೇನು ಬರುತ್ತೆ' ಎಂದು ಆ ದಿನಾಂಕ ತಪ್ಪಿಸಬೇಡಿ.