ನಗು ಒಂದೇ, ಬಾಯಿ ಬೇರೆ ಬೇರೆ: ಜೋಕರ್ ಪಾತ್ರ ಸಾಗಿಬಂದ ದಾರಿ

ಬ್ಯಾಟ್‌ಮ್ಯಾನ್‌ನ ಕಡುವೈರಿ, ಬಿಳಿ ಮುಖದ, ಸದಾ ನಗುವ ಜೋಕರ್ ಪಾತ್ರದಲ್ಲಿ ಯಾವ ನಟ ಮೇಲು ಎಂಬ ವಾದ ಪ್ರತಿ ಹೊಸ ಬ್ಯಾಟ್‌ಮ್ಯಾನ್ ಚಿತ್ರದ ಜತೆ ಮತ್ತೆ ಹೊತ್ತಿಕೊಳ್ಳುತ್ತದೆ. ಪ್ರಶಸ್ತಿಯ ಲೆಕ್ಕ, ಗಳಿಕೆಯ ಲೆಕ್ಕ, ತೂಕ ಇಳಿಸಿದ ಲೆಕ್ಕ ಎಲ್ಲ ಕಲಸಿಹೋಗಿ, ಪರದೆಯ ಮೇಲೆ ಈ ನಟರು ಮಾಡಿದ್ದೇನು ಎಂಬುದೇ ಹಿಂದೆ ಸರಿದಿದೆ. ಅವರ ಕೈಗೆ ಬಂದ ಪಾತ್ರದ ಹೆಸರು ಒಂದೇ ಇರಬಹುದು, ಕೆಲಸ ಮಾತ್ರ ಒಂದೇ ಆಗಿರಲಿಲ್ಲ. ಈ ಗೋಜಲು ಬಿಡಿಸಲು ಜೋಕರ್‌ನ ಬಾಯಿಯಿಂದ ಹೊರಡುವುದು ಒಳ್ಳೆಯದು.

ಆ ಬಾಯಿಯ ಮೂಲ ಒಂದು ಮೂಕಿ ಚಿತ್ರದಲ್ಲಿದೆ. ವಿಕ್ಟರ್ ಹ್ಯೂಗೋ ಕಾದಂಬರಿ ಆಧರಿಸಿ 1928ರಲ್ಲಿ ಬಂದ ‘ದಿ ಮ್ಯಾನ್ ಹೂ ಲಾಫ್ಸ್’ನಲ್ಲಿ ಕಾನ್ರಾಡ್ ಫೈಟ್ ಕಟ್ಟುಹಲ್ಲಿನ ಸೆಟ್ ಹಾಕಿಕೊಂಡಿದ್ದರು. ಅದಕ್ಕೆ ಜೋಡಿಸಿದ ಕೊಕ್ಕೆಗಳು ತುಟಿಯ ಎರಡೂ ಮೂಲೆಯನ್ನು ಹಿಂದಕ್ಕೆ ಎಳೆದು ಹಿಡಿಯುತ್ತಿದ್ದವು. ಹಾಕಿಕೊಂಡರೆ ಮಾತಾಡಲಾಗದು, ಮೂಕಿಯಾದ್ದರಿಂದ ನಡೆಯಿತು. ಆ ಮುಖದ ಫೋಟೋ ಮತ್ತು ಇಸ್ಪೀಟಿನ ಒಂದು ಎಲೆಯಿಂದ 1940ರ ‘ಬ್ಯಾಟ್‌ಮ್ಯಾನ್’ ಕಾಮಿಕ್ಸ್ ಪತ್ರಿಕೆಯ ಮೊದಲ ಸಂಚಿಕೆಯ ಜೋಕರ್ ಹುಟ್ಟಿದ. ಹುಟ್ಟಿಸಿದ್ದು ಲೇಖಕ ಬಿಲ್ ಫಿಂಗರೋ, ಕಲಾವಿದರಾದ ಬಾಬ್ ಕೇನೋ, ಜೆರ್ರಿ ರಾಬಿನ್ಸನ್ನೋ ಎಂಬ ತಕರಾರು ಅವರು ಬದುಕಿರುವವರೆಗೂ ತೀರಲಿಲ್ಲ. ಅದೇ ಸಂಚಿಕೆಯಲ್ಲಿ ಸಾಯಬೇಕಿದ್ದವನನ್ನು ಸಂಪಾದಕರು ಉಳಿಸಿದರು. ಪ್ರಕಾಶಕರು ತಮಗೆ ತಾವೇ ಹಾಕಿಕೊಂಡ ಸೆನ್ಸಾರ್ ನಿಯಮವಾದ 1954ರ ಕಾಮಿಕ್ಸ್ ಕೋಡ್ ಅವನನ್ನು ತುಂಟನನ್ನಾಗಿಸಿತು, 1973ರಲ್ಲಿ ಲೇಖಕ ಡೆನ್ನಿಸ್ ಓನೀಲ್ ಮತ್ತು ಕಲಾವಿದ ನೀಲ್ ಆಡಮ್ಸ್ ಮತ್ತೆ ಕೊಲೆಗಾರನನ್ನಾಗಿಸಿದರು.

1966ರಲ್ಲಿ ಟಿವಿಗೆ ಬಂದ ಸೀಸರ್ ರೊಮೆರೊ ಅವರಿಗೆ ಸಿಕ್ಕಿದ್ದು ಆ ತುಂಟ ಜೋಕರ್. ಅವರು ಮೀಸೆ ಬೋಳಿಸಲು ಒಪ್ಪದ ಕಾರಣ ಬಿಳಿ ಬಣ್ಣವನ್ನು ಮೀಸೆಯ ಮೇಲೆಯೇ ಬಳಿದರು. ಈಗಿನ ಸ್ಪಷ್ಟ ಪ್ರತಿಗಳಲ್ಲಿ ಅದರ ಒಂದೊಂದು ಕೂದಲೂ ಕಾಣುತ್ತದೆ.

1989ರ ಟಿಮ್ ಬರ್ಟನ್ ಚಿತ್ರದಲ್ಲಿ ಜಾಕ್ ನಿಕಲ್ಸನ್ ಅವರಿಗೆ ಎದುರಾದ ತೊಡಕು ಬೇರೆ. ಕಥೆಯ ಪ್ರಕಾರ ರಾಸಾಯನಿಕದ ತೊಟ್ಟಿಗೆ ಬಿದ್ದವನ ಚರ್ಮವೇ ಬಿಳಿಯಾಗಿದೆ, ನಗು ಮುಖಕ್ಕೆ ಅಂಟಿಕೊಂಡಿದೆ. ಜನರೆದುರು ಬರಬೇಕಾದಾಗ ಅವನು ಬಿಳಿಯ ಮೇಲೆ ಮೈಬಣ್ಣ ಬಳಿದುಕೊಳ್ಳುತ್ತಾನೆ. ಕೆನ್ನೆಗೂ ಗಲ್ಲಕ್ಕೂ ಅಂಟಿಸಿದ ಕೃತಕ ತುಂಡುಗಳು ನಗುವನ್ನು ಹಿಡಿದಿಟ್ಟಿದ್ದರಿಂದ ನಟನಿಗೆ ಉಳಿದದ್ದು ಹುಬ್ಬು, ಕಣ್ಣು, ಕೈ ಮತ್ತು ದನಿ. ನಿಕಲ್ಸನ್ ಇಲ್ಲಿ ಅತಿ ಮಾಡಿದರು ಎನ್ನುವವರು ಈ ಕಟ್ಟುಪಾಡನ್ನು ಗಮನಿಸಿದಂತಿಲ್ಲ. ಬಾಯಿ ಅಲುಗದ ಮುಖದಲ್ಲಿ ಸಣ್ಣ ಅಭಿನಯ ಕ್ಯಾಮೆರಾಕ್ಕೆ ಕಾಣುವುದಿಲ್ಲ.

ಮುಖವೇ ಇಲ್ಲದ ಜೋಕರ್ ಮಾರ್ಕ್ ಹ್ಯಾಮಿಲ್ ಅವರದು. 1992ರ ಬ್ಯಾಟ್‌ಮ್ಯಾನ್ ಆನಿಮೇಷನ್ ಸರಣಿಯಲ್ಲಿ ಜೋಕರ್‌ಗೆ ದನಿ ಕೊಡಲು ಮೊದಲು ಆಯ್ಕೆಯಾಗಿದ್ದವರು ನಟ ಟಿಮ್ ಕರಿ. ಆ ಜಾಗಕ್ಕೆ ಹ್ಯಾಮಿಲ್ ಬಂದರು. ಕಲಾವಿದರನ್ನೆಲ್ಲ ಒಂದೇ ಕೋಣೆಯಲ್ಲಿ ಕೂಡಿಸಿ ದನಿ ಮುದ್ರಿಸುತ್ತಿದ್ದರಿಂದ ನಗು ಎದುರಿನವರ ಮಾತಿಗೆ ತಕ್ಕಂತೆ ಬದಲಾಗುತ್ತಿತ್ತು. ಖುಷಿಗೊಂದು ನಗು, ಸಿಟ್ಟಿಗೊಂದು, ಬೆದರಿಕೆಗೊಂದು. ಹೋಲಿಕೆಯ ಪಟ್ಟಿಗಳಲ್ಲಿ ಅವರ ಹೆಸರು ಕೊನೆಗೆ ಬರುವುದು, ಇಲ್ಲವೇ ಬರದೇ ಇರುವುದು ನ್ಯಾಯವಲ್ಲ.

ಮುಂದಿನ ಜೋಕರ್ ಎಂದು ಹೀತ್ ಲೆಡ್ಜರ್ ಹೆಸರು ಪ್ರಕಟವಾದದ್ದು 2006ರ ಜುಲೈನಲ್ಲಿ. ಅಭಿಮಾನಿಗಳಲ್ಲಿ ಆಕ್ಷೇಪವೇ ಹೆಚ್ಚಿತ್ತು. 2007ರಲ್ಲಿ ಚಿತ್ರೀಕರಣವಾದ ‘ದಿ ಡಾರ್ಕ್ ನೈಟ್’ನಲ್ಲಿ ಕ್ರಿಸ್ಟಫರ್ ನೋಲನ್ ರಾಸಾಯನಿಕದ ತೊಟ್ಟಿಯನ್ನು ಕೈಬಿಟ್ಟರು. ಇಲ್ಲಿ ಬಿಳುಪು ಬರಿ ಬಣ್ಣ. ಮೆರವಣಿಗೆಯಲ್ಲಿ ಪೊಲೀಸ್ ವೇಷದಲ್ಲಿ ನಿಂತಾಗ ಅವನ ಮುಖದಲ್ಲಿ ಬಣ್ಣವೇ ಇಲ್ಲ, ಗಾಯದ ಕಲೆ ಮಾತ್ರ ಇದೆ. ನಗು ಎಂದರೆ ಆ ಕಲೆಯೇ.

ಬಣ್ಣ ಹಚ್ಚಿದ ಕ್ರಮ ತಿಳಿದರೆ ಅಭಿನಯ ಇನ್ನಷ್ಟು ಅರ್ಥವಾಗುತ್ತದೆ. ಮೇಕಪ್ ಕಲಾವಿದ ಜಾನ್ ಕ್ಯಾಗ್ಲಿಯೋನ್ ಬಿಳಿ ಹಚ್ಚುವಾಗ ಲೆಡ್ಜರ್ ಹಣೆಯನ್ನೂ ಮುಖವನ್ನೂ ಸುಕ್ಕುಗಟ್ಟಿಸಿ ಹಿಡಿಯುತ್ತಿದ್ದರು. ಮುಖ ಸಡಿಲಿಸಿದಾಗ ಮಡಿಕೆಯೊಳಗೆ ಬಣ್ಣ ತಾಗದ ಗೆರೆಗಳು ಬಿರುಕಿನಂತೆ ತೆರೆದುಕೊಳ್ಳುತ್ತಿದ್ದವು. ಕಣ್ಣು ಬಿಗಿಯಾಗಿ ಮುಚ್ಚಿಸಿ ಸುತ್ತ ಕಪ್ಪು ಬಳಿದ ಮೇಲೆ ನೀರು ಸಿಂಪಡಿಸುತ್ತಿದ್ದರು; ಕಣ್ಣು ಕಿವುಚಿ ತಲೆ ಕೊಡವಿದರೆ ಕಪ್ಪು ತಾನಾಗಿ ಇಳಿಯುತ್ತಿತ್ತು. ಅಚ್ಚುಕಟ್ಟಾಗಿ ಹಚ್ಚಿದ್ದರೆ ಸರ್ಕಸ್ಸಿನ ಕೋಡಂಗಿ ಕಾಣುತ್ತಿದ್ದ. ಹೀಗೆ ಹಚ್ಚಿದ್ದಕ್ಕೆ ನಾಲ್ಕು ದಿನ ಮುಖ ತೊಳೆಯದವನು ಕಂಡ.

ಗಾಯದ ಕಲೆಗಳನ್ನು ಇನ್ನೊಬ್ಬ ಮೇಕಪ್ ಕಲಾವಿದ ಕಾನರ್ ಓಸಲ್ಲಿವನ್ ಮೂರು ಸಿಲಿಕೋನ್ ತುಂಡುಗಳಲ್ಲಿ ಮಾಡಿದ್ದರು. ಅಂಟಿಸಲು ಗಂಟೆಯೂ ಬೇಡ. ಆದರೆ ಮಾತಿನ ಭರಕ್ಕೆ, ಎಂಜಲಿನ ತೇವಕ್ಕೆ ಬಾಯಿಯ ಬಳಿಯ ಅಂಟು ಬಿಡುತ್ತಿತ್ತು. ಅದನ್ನು ತಡೆಯಲು ಲೆಡ್ಜರ್ ನಾಲಿಗೆಯಿಂದ ತುಟಿಯ ಮೂಲೆ ಸವರತೊಡಗಿದರು, ಸವರಿದ್ದೇ ಪಾತ್ರದ ಚಾಳಿಯಾಯಿತು. ಮಾತಿನ ನಡುವೆ ನಿಲ್ಲುವ ಆ ಅರೆಕ್ಷಣದಲ್ಲಿ ಎದುರಿನವನಿಗೆ ಮುಂದೇನು ಎಂಬ ಭಯ. ಕೆಲಸದ ತೊಂದರೆಯೊಂದನ್ನು ನಟ ಪಾತ್ರದೊಳಕ್ಕೆ ಎಳೆದುಕೊಂಡದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹಿನ್ನೆಲೆ ಹೇಳದ ಜಾಣತನವೂ ಇಲ್ಲಿದೆ. ಗಾಯ ಹೇಗಾಯಿತೆಂದು ಅವನು ಒಮ್ಮೆ ಅಪ್ಪನ ಕಥೆ ಹೇಳುತ್ತಾನೆ, ಇನ್ನೊಮ್ಮೆ ಹೆಂಡತಿಯ ಕಥೆ, ಎರಡೂ ತಾಳೆಯಾಗುವುದಿಲ್ಲ. 1988ರ ‘ದಿ ಕಿಲ್ಲಿಂಗ್ ಜೋಕ್’ ಕಾಮಿಕ್ಸ್‌ನಲ್ಲಿಯೂ ಜೋಕರ್‌ಗೆ ತನ್ನ ಗತಕಾಲ ಒಂದೊಂದು ಸಲ ಒಂದೊಂದು ಥರ. 152 ನಿಮಿಷದ ಚಿತ್ರದಲ್ಲಿ ಅವನಿರುವುದು ಅರ್ಧ ಗಂಟೆಗೆ ತುಸು ಹೆಚ್ಚು. ಸಂಗೀತ ನಿರ್ದೇಶಕ ಹ್ಯಾನ್ಸ್ ಜಿಮ್ಮರ್ ಕೂಡ ಅವನಿಗೆ ರಾಗ ಕೊಡದೆ, ಚೆಲ್ಲೋ ತಂತಿಯ ಒಂದು ಸ್ವರವನ್ನು ಎಳೆದು ಬಿಗಿಗೊಳಿಸಿದರು.

ಆಮೇಲೆ ಸೇರಿಕೊಂಡ ಕಥೆಗಳನ್ನು ಬೇರ್ಪಡಿಸಬೇಕು. ಆಸ್ಪತ್ರೆ ಸ್ಫೋಟದ ದೃಶ್ಯದಲ್ಲಿ ರಿಮೋಟ್ ಕೆಟ್ಟಿತು, ಲೆಡ್ಜರ್ ಅಲ್ಲೇ ಹೊಳೆದಂತೆ ಅಭಿನಯಿಸಿದರು ಎಂಬ ಮಾತಿದೆ. ಷಿಕಾಗೋದ ಹಳೆಯ ಮಿಠಾಯಿ ಕಾರ್ಖಾನೆಯ ಕಟ್ಟಡವನ್ನು ನಿಜವಾಗಿ ಉರುಳಿಸಿದ ದೃಶ್ಯ ಅದು. ಎರಡನೇ ಟೇಕ್‌ಗೆ ಕಟ್ಟಡ ಇರುವುದಿಲ್ಲ, ಹಾಗಾಗಿ ನಡುವಿನ ಬಿಡುವನ್ನೂ ಮೊದಲೇ ಗೊತ್ತುಮಾಡಲಾಗಿತ್ತು. ಪಾತ್ರವೇ ಅವರನ್ನು ಬಲಿ ತೆಗೆದುಕೊಂಡಿತು ಎಂಬುದು ಇನ್ನೊಂದು. 2008ರ ಜನವರಿ 22ರಂದು, 28ನೇ ವಯಸ್ಸಿಗೆ ಅವರು ತೀರಿಕೊಂಡಾಗ ಜೋಕರ್ ಕೆಲಸ ಮುಗಿಸಿ ಬೇರೊಂದು ಚಿತ್ರದಲ್ಲಿದ್ದರು. ವೈದ್ಯರು ಬರೆದುಕೊಟ್ಟು ಸಿಗುವಂಥ ಹಲವು ಔಷಧಗಳು ಒಟ್ಟಿಗೆ ಸೇರಿ ಆದ ಆಕಸ್ಮಿಕ ಸಾವು ಎಂದು ನ್ಯೂಯಾರ್ಕ್ ವೈದ್ಯಾಧಿಕಾರಿಗಳ ವರದಿ ಹೇಳಿತು. ಒಂದು ತಿಂಗಳು ಹೋಟೆಲ್ ಕೋಣೆಯಲ್ಲಿ ಕೂತು ಡೈರಿ ಬರೆದು, ದನಿ ತಿದ್ದಿ ತೀಡಿದ ದುಡಿಮೆಯನ್ನು ಹುಚ್ಚು ಎಂದು ಕರೆಯುವುದು ಆ ನಟನಿಗೆ ಮಾಡುವ ಅನ್ಯಾಯ. 2009ರ ಫೆಬ್ರವರಿಯಲ್ಲಿ ಆಸ್ಕರ್ ಬಂತು, ಮನೆಯವರು ಸ್ವೀಕರಿಸಿದರು.

ಆ ದಂತಕಥೆಯ ನೆರಳು ಮುಂದಿನವರ ಮೇಲೆ ಬಿತ್ತು. 2016ರ ‘ಸೂಯಿಸೈಡ್ ಸ್ಕ್ವಾಡ್’ಗೆ ಜ್ಯಾರೆಡ್ ಲೆಟೊ ಚಿತ್ರೀಕರಣದ ಬಿಡುವಿನಲ್ಲಿಯೂ ಪಾತ್ರ ಬಿಡದೆ, ಸಹನಟರಿಗೆ ಇಲಿಯಂಥ ಉಡುಗೊರೆ ಕಳಿಸಿದ ಸುದ್ದಿಯೇ ಚಿತ್ರಕ್ಕಿಂತ ಹೆಚ್ಚು ಓಡಿತು. ಅವರ ಅನೇಕ ದೃಶ್ಯಗಳು ಎಡಿಟಿಂಗ್‌ನಲ್ಲಿ ಹೋದವು. ಹಲ್ಲಿಗೆ ಲೋಹ, ಹಣೆಯ ಮೇಲೆ ‘ಡ್ಯಾಮೇಜ್ಡ್’ ಎಂಬ ಹಚ್ಚೆ. ಮನಸ್ಸು ಮುರಿದಿದೆ ಎಂದು ಹಣೆಯ ಮೇಲೆಯೇ ಬರೆದಿಟ್ಟರೆ ನಟ ತೋರಿಸಲು ಉಳಿಯುವುದೇನು?

2019ರ ಟಾಡ್ ಫಿಲಿಪ್ಸ್ ಚಿತ್ರ ‘ಜೋಕರ್’ ತದ್ವಿರುದ್ಧ ದಾರಿ ಹಿಡಿಯಿತು. ಇಲ್ಲಿ ಬ್ಯಾಟ್‌ಮ್ಯಾನ್ ಇಲ್ಲ, ಗುಟ್ಟೂ ಇಲ್ಲ. ಮುಂದೆ ಜೋಕರ್ ಆಗುವ ಆರ್ಥರ್ ಫ್ಲೆಕ್‌ಗೆ ನಗು ಒಂದು ಕಾಯಿಲೆ. ಅಳಬೇಕಾದಲ್ಲಿ ಉಕ್ಕುತ್ತದೆ, ತಡೆದರೆ ಗಂಟಲು ಕಟ್ಟುತ್ತದೆ. ವಾಕೀನ್ ಫೀನಿಕ್ಸ್ ಮೂರು ನಗು ಕಟ್ಟಿಕೊಂಡರು: ಕಾಯಿಲೆಯದು, ನಾಲ್ಕು ಜನರ ಜತೆ ಸೇರಲು ನಟಿಸುವುದು, ಕೊನೆಯಲ್ಲಿ ನಿಜಕ್ಕೂ ಬರುವುದು. ಸುಮಾರು 23 ಕಿಲೋ ಇಳಿಸಿದ್ದಕ್ಕೆ ಸಿಕ್ಕ ಪ್ರಚಾರ ಈ ಮೂರರ ವ್ಯತ್ಯಾಸಕ್ಕೆ ಸಿಗಲಿಲ್ಲ. ಮೊದಲ ಕೊಲೆಗಳ ನಂತರ ಶೌಚಾಲಯದಲ್ಲಿ ಅವನು ಕುಣಿಯುವ ದೃಶ್ಯ ಚಿತ್ರಕಥೆಯಲ್ಲಿ ಹಾಗಿರಲಿಲ್ಲ. ಹಿಲ್ಡುರ್ ಗುಡ್ನಡೋಟಿರ್ ಮೊದಲೇ ರಚಿಸಿದ್ದ ಚೆಲ್ಲೋ ಸಂಗೀತವನ್ನು ಸೆಟ್‌ನಲ್ಲಿ ಹಾಕಿದಾಗ ಮೈ ತಾನಾಗಿ ಎದ್ದದ್ದು. 2020ರಲ್ಲಿ ಫೀನಿಕ್ಸ್ ಅವರಿಗೂ ಗುಡ್ನಡೋಟಿರ್ ಅವರಿಗೂ ಆಸ್ಕರ್ ಬಂತು. ಲೆಡ್ಜರ್, ಫೀನಿಕ್ಸ್ ಹೀಗೆ ಒಂದೇ ಪಾತ್ರಕ್ಕೆ ಇಬ್ಬರು ನಟರು ಆಸ್ಕರ್ ಪಡೆದದ್ದು ‘ಗಾಡ್‌ಫಾದರ್’ನ ವೀಟೊ ಕೊರ್ಲಿಯೋನ್ ನಂತರ ಅದೇ ಮೊದಲು. ಆದರೂ ಎಲ್ಲವನ್ನೂ ವಿವರಿಸಿದ ಮೇಲೆ ಜೋಕರ್ ಎಲ್ಲಿ ಉಳಿದ ಎಂಬ ಪ್ರಶ್ನೆ ಉಳಿಯುತ್ತದೆ. 2024ರ ಮುಂದುವರಿಕೆಯಲ್ಲಿ ಆರ್ಥರ್ ತಾನೇ ನ್ಯಾಯಾಲಯದಲ್ಲಿ ಜೋಕರ್ ಎಂಬವನಿಲ್ಲ ಎನ್ನುತ್ತಾನೆ. ಜನ ಅದನ್ನು ಒಪ್ಪಲಿಲ್ಲ, ಚಿತ್ರಮಂದಿರಗಳೂ ತುಂಬಲಿಲ್ಲ.

ಈ ನಡುವೆ 2022ರ ‘ದಿ ಬ್ಯಾಟ್‌ಮ್ಯಾನ್’ನಲ್ಲಿ ಬ್ಯಾರಿ ಕಿಯೋಗನ್ ಅರೆಗಳಿಗೆ ಕಾಣಿಸಿಕೊಂಡರು, ಕತ್ತರಿಸಿದ್ದ ಒಂದು ಪೂರ್ತಿ ದೃಶ್ಯ ಆಮೇಲೆ ಹೊರಬಂತು. ನಿರ್ದೇಶಕ ಮ್ಯಾಟ್ ರೀವ್ಸ್ ಹೇಳುವಂತೆ ಈ ಜೋಕರ್‌ಗೆ ಹುಟ್ಟಿನಿಂದಲೇ ಇರುವ ಕಾಯಿಲೆ, ನಗು ನಿಲ್ಲಿಸಲಾಗದು. ತೊಟ್ಟಿಯಿಲ್ಲ, ಚಾಕುವಿಲ್ಲ. ಫೈಟ್ ಅವರ ಕೊಕ್ಕೆ ಎಳೆದ ಬಾಯಿ ಮತ್ತೆ ಬಂದಿದೆ, ಈ ಸಲ ಮಾತಾಡುತ್ತಿದೆ. ಕ್ಯಾಮೆರಾ ಆ ಮುಖವನ್ನು ಬಹುಪಾಲು ಮಸುಕಾಗಿಯೇ ಇಟ್ಟಿದೆ.