ಬೆಂಗಳೂರು–ಮಂಗಳೂರು: ಹಾರುವುದು ಮುಕ್ಕಾಲು ಗಂಟೆ, ತಲುಪುವುದು ಅರ್ಧ ದಿನ

ಬೆಂಗಳೂರಿನಿಂದ ಮಂಗಳೂರಿಗೆ ಎಷ್ಟು ದೂರ ಅಂತ ಕೇಳಿದರೆ ಯಾರೂ ಕಿಲೋಮೀಟರ್ ಲೆಕ್ಕ ಹೇಳುವುದಿಲ್ಲ. 'ಒಂದು ರಾತ್ರಿ' ಅನ್ನುತ್ತಾರೆ. ರಸ್ತೆಯಲ್ಲಿ ಸುಮಾರು 350 ಕಿ.ಮೀ. ಎರಡು ವಿಮಾನ ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ 300ರ ಆಸುಪಾಸು. ಇಷ್ಟು ಹತ್ತಿರದ ಊರನ್ನು ದೂರ ಮಾಡಿದ್ದು ನಡುವೆ ಅಡ್ಡ ಮಲಗಿರುವ ಘಟ್ಟ.

ಮಂಗಳೂರಿಗೆ 1907ರಲ್ಲೇ ರೈಲು ಬಂತು. ಆದರೆ ಬಂದಿದ್ದು ಕೇರಳದ ಕಡೆಯಿಂದ. ರೈಲೇ ಬೇಕು ಅನ್ನುವ ಬೆಂಗಳೂರಿನವರು ಪಾಲಕ್ಕಾಡು, ಕೋಯಿಕ್ಕೋಡು ಸುತ್ತಿಕೊಂಡು ಹೋಗಬೇಕಿತ್ತು. ಹಾಸನದಿಂದ ಘಟ್ಟ ಇಳಿಯುವ ಮೀಟರ್‌ಗೇಜ್ ಹಳಿ ಸಿದ್ಧವಾಗಿದ್ದು 1979ರಲ್ಲಿ. 1996ರಲ್ಲಿ ಅದನ್ನು ಇನ್ನೂ ಅಗಲದ ಬ್ರಾಡ್‌ಗೇಜ್ ಹಳಿ ಮಾಡಲು ಮುಚ್ಚಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಹನ್ನೊಂದು ವರ್ಷ! ಹಳಿ ಮುಚ್ಚಿದಾಗ ಹುಟ್ಟಿದ ಮಗು ಐದನೇ ಕ್ಲಾಸಿಗೆ ಬಂದಿತ್ತು. ಇವತ್ತಿಗೂ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ.ಯಲ್ಲಿ 57 ಸುರಂಗ. ಇಳಿಜಾರು ಎಷ್ಟು ಕಡಿದು ಅಂದರೆ, 50 ಅಡಿ ಮುಂದೆ ಹೋದರೆ ಒಂದು ಅಡಿ ಏರಬೇಕು. ಹತ್ತುವ ರೈಲಿಗೆ ಜಾಸ್ತಿ ಎಂಜಿನ್ ಸೇರಿಸುತ್ತಾರೆ. ಆದರೂ ಅದು ತೆವಳುತ್ತದೆ.

ಇನ್ನು ವಿಮಾನ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ರಂದು. ನೆಹರೂ ಡಿಸಿ–3 ವಿಮಾನದಲ್ಲಿ ಬಂದಿಳಿದು ಉದ್ಘಾಟಿಸಿದರು. ಆ ವಿಮಾನದ ವೇಗ ಗಂಟೆಗೆ 300 ಕಿ.ಮೀ.ಗಿಂತ ತುಸು ಜಾಸ್ತಿ. ಈಗಿನ ಜೆಟ್ 800 ದಾಟುತ್ತದೆ. ಹಾಗಿದ್ದರೆ 25 ನಿಮಿಷದಲ್ಲಿ ಮುಟ್ಟಬೇಕಲ್ವಾ? ಟಿಕೆಟ್‌ನಲ್ಲಿ ಇರುವುದು ಮಾತ್ರ ಹೆಚ್ಚೂಕಮ್ಮಿ ಒಂದು ಗಂಟೆ.

ಏಕೆಂದರೆ ಟಿಕೆಟ್‌ನ ಸಮಯ ಬರೀ ಹಾರಾಟದ್ದಲ್ಲ. ನಿಂತ ಜಾಗದಿಂದ ಚಕ್ರ ಕದಲಿದಾಗಿನಿಂದ ಅಲ್ಲಿ ಹೋಗಿ ಪೂರ್ತಿ ನಿಲ್ಲುವವರೆಗೂ ಲೆಕ್ಕ. ಇದಕ್ಕೆ ಬ್ಲಾಕ್ ಟೈಮ್ ಅಂತಾರೆ. ರನ್‌ವೇವರೆಗೆ ತೆವಳಿ, ಸಾಲಿನಲ್ಲಿ ಕಾದು, ಮೇಲೇರಿ, ಪೂರ್ತಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ನೀರಿನ ಲೋಟ ಖಾಲಿ ಮಾಡುವ ಮೊದಲೇ ಬೆಲ್ಟ್ ಹಾಕಿಕೊಳ್ಳಿ ಅನ್ನುತ್ತಾರೆ. ಕಿಟಕಿಯಲ್ಲಿ ತೆಂಗಿನ ತೋಟ, ಕೆಂಪು ಮಣ್ಣಿನ ಗುಡ್ಡ. ಕೆಳಗೆ ಇನ್ನೂ ಕಣಿವೆಯೇ ಕಾಣುತ್ತಿರುವಾಗ ಚಕ್ರ ನೆಲಕ್ಕೆ ತಾಗುತ್ತದೆ. ಗುಡ್ಡದ ನೆತ್ತಿಯನ್ನು ಸಪಾಟು ಮಾಡಿ ಕಟ್ಟಿದ ರನ್‌ವೇ ಅದು. ಇಷ್ಟು ಕಡಿಮೆ ದೂರಕ್ಕೆ ಪ್ರೊಪೆಲ್ಲರ್ ಇರುವ ಎಟಿಆರ್ ವಿಮಾನ ಕೂಡ ಜೆಟ್‌ಗಿಂತ ಹತ್ತು–ಹದಿನೈದು ನಿಮಿಷ ಮಾತ್ರ ಹಿಂದೆ.

ಸಮಯ ನಿಜವಾಗಿ ಹೆಚ್ಚಿದ್ದು ನೆಲದ ಮೇಲೆ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣ ಎಚ್ಎಎಲ್‌ನಿಂದ ದೇವನಹಳ್ಳಿಗೆ ಹೋಯಿತು. ಎಂ.ಜಿ. ರಸ್ತೆಯಿಂದ ಸುಮಾರು ಹತ್ತು ಕಿ.ಮೀ. ಇದ್ದದ್ದು 35 ಆಯಿತು. ಈಗ ಬೆಳಗ್ಗೆ 8ರ ವಿಮಾನ ಹಿಡಿಯಲು ಜಯನಗರದವರು 5ಕ್ಕೇ ಮನೆ ಬಿಡಬೇಕು. 9ಕ್ಕೆ ಬಜ್ಪೆ. ಬ್ಯಾಗ್ ತಗೊಂಡು ಮಂಗಳೂರಿನ ನಡುವಿನ ಹಂಪನಕಟ್ಟೆ ಮುಟ್ಟುವಾಗ 10. ಒಟ್ಟು ಐದು ಗಂಟೆ, ಅದರಲ್ಲಿ ಆಕಾಶದಲ್ಲಿ ಕಳೆದದ್ದು ಮುಕ್ಕಾಲು ಗಂಟೆ. ನನ್ನ ಕೇಳಿದರೆ, ಇನ್ನೂ ವೇಗದ ವಿಮಾನಕ್ಕಿಂತ ಮಳೆಗೆ ಬೀಳದ ಒಂದು ಘಟ್ಟದ ರಸ್ತೆ ಈ ಎರಡೂರಿಗೆ ಜಾಸ್ತಿ ಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಈ ಎರಡೂರಿನ ನಡುವಿನ ಶಿರಾಡಿ ಘಾಟಿ ರಸ್ತೆಯೂ ಮುಚ್ಚಿತ್ತು, ರೈಲೂ ವಾರಗಟ್ಟಲೆ ನಿಂತಿತ್ತು.