ಪದ ಪರಿಚಯ: ಪ್ಯಾಕ್‌ಶಾಟ್

ಹವ್ಯಾಸಿಗಳ ಪತ್ರಿಕೆ ತೆರೆದರೆ ಬಿಳಿ ಹಿನ್ನೆಲೆಯಲ್ಲಿ ಒಂದೇ ಒಂದು ವಸ್ತು ನಿಂತಿರುತ್ತದೆ. ಪಕ್ಕದಲ್ಲಿ ಕೈ ಇಲ್ಲ, ಮೇಜು ಇಲ್ಲ, ನೆರಳೂ ಅಷ್ಟಕ್ಕಷ್ಟೆ. ಇಂಥ ಫೋಟೊಗೆ ಪ್ಯಾಕ್‌ಶಾಟ್ ಅನ್ನುತ್ತಾರೆ. ಪೆನ್ನು, ಕ್ಯಾಮೆರಾ, ಕರಕುಶಲ ವಸ್ತು ಎಲ್ಲಕ್ಕೂ ಇದೇ ರೀತಿ. ಅಂಗಡಿಯಲ್ಲಿ ವಸ್ತುವನ್ನು ಗುರುತು ಹಿಡಿಯಲು ಇದು ಸಾಕು. ಕೊಳ್ಳಬೇಕೋ ಬೇಡವೋ ಅಂತ ತೀರ್ಮಾನಿಸಲು ಸಾಲದು.

ನಮ್ಮ ಬೀದರ್‌ನ ಬಿದ್ರಿಯನ್ನೇ ತಗೊಳ್ಳಿ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಮೈ ಕೆತ್ತಿ, ಆ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿದ ನೀರು ತಾಗಿಸಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಆ ಕಪ್ಪೇ ಬಿದ್ರಿಯ ಜೀವ.

ಆದರೆ ನುಣುಪಾದ ಕಪ್ಪು ಮೈ ಎದುರಿಗಿದ್ದದ್ದನ್ನೆಲ್ಲ ಕನ್ನಡಿಯ ಹಾಗೆ ತೋರಿಸುತ್ತದೆ. ಅದಕ್ಕೇ ಫೋಟೊ ತೆಗೆಯುವವರು ಸುತ್ತ ಬಿಳಿ ಬಟ್ಟೆ ಕಟ್ಟಿ, ಅದರ ಮೂಲಕ ಬೆಳಕು ಬಿಡುತ್ತಾರೆ. ಕಣ್ಣು ಕುಕ್ಕುವ ಹೊಳಪು ಹೋಗುತ್ತದೆ, ಜೊತೆಗೆ ಸಣ್ಣ ಗೀರುಗಳೂ ಮರೆಯಾಗುತ್ತವೆ. ಬಟ್ಟೆಯ ಬಿಳುಪು ಬಿದ್ದು ಕಪ್ಪು ಬೂದಿ ಬಣ್ಣಕ್ಕೆ ತಿರುಗಿದರೆ ಕಂಪ್ಯೂಟರಿನಲ್ಲಿ ಮತ್ತೆ ಕಪ್ಪು ಮಾಡುತ್ತಾರೆ. ಅಂದಮೇಲೆ ಪುಟ ನೋಡಿ ವಸ್ತುವಿನ ಕಪ್ಪು ಎಂಥದು ಅಂತ ಹೇಳೋದು ಹೇಗೆ? ಬೆಳ್ಳಿಯ ಕಥೆಯೂ ಅಷ್ಟೇ. ಫೋಟೊದಲ್ಲಿ ಬೆಳ್ಳಿ ತಂತಿ, ಅಲ್ಯೂಮಿನಿಯಂ ತಂತಿ ಎರಡೂ ಒಂದೇ ಥರ ಕಾಣುತ್ತವೆ.

ಒಂದು ಪತ್ರಿಕೆಯಲ್ಲಿ ಪುಟದ ತುಂಬ ಇದ್ದ ಬಿದ್ರಿ ಡಬ್ಬಿ ನೋಡಿ, ಅವ್ವನಿಗೆ ಎಲೆ ಅಡಿಕೆ ಇಡಲು ಅಂತ ತರಿಸಿದ್ದೆ. ಬಂದದ್ದು ಮುಷ್ಟಿಯೊಳಗೆ ಅಡಗುವಷ್ಟು ಚಿಕ್ಕದು. ಒಂದು ಎಲೆಯನ್ನು ಮಡಚಿಯೇ ಇಡಬೇಕು. ಪುಟದಲ್ಲಿ ಬೆಲೆ ಇತ್ತು, ಅಳತೆ ಇರಲಿಲ್ಲ. ಬಹಳ ಬೇಜಾರಾಯ್ತು.

ಅದನ್ನು ಬೀದರ್‌ನ ಹಳೇ ಕಾವಲು ಗೋಪುರ ಚೌಬಾರಾ ಹತ್ತಿರದ ಒಂದು ಅಂಗಡಿಗೆ ಒಯ್ದು ತೋರಿಸಿದೆ. ಅಂಗಡಿಯವರು ಡಬ್ಬಿಯನ್ನು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದು, "ಇಲ್ಲಿ ಬೆರಳು ಆಡಿಸಿ ನೋಡ್ರಿ" ಅಂದರು. ಡಬ್ಬಿ ಮೇಲಿನ ಬಳ್ಳಿ ಚಿತ್ತಾರದ ತುದಿಯಲ್ಲಿ ತಂತಿ ಕೂದಲೆಳೆಯಷ್ಟು ಎದ್ದಿತ್ತು. ಎದುರಿನಿಂದ ನೋಡಿದಾಗ ಏನೂ ಕಂಡಿರಲಿಲ್ಲ. ಓರೆ ಬೆಳಕಿನಲ್ಲಿ ಅದರ ಪಕ್ಕ ಸಣ್ಣದೊಂದು ನೆರಳು ಬಿದ್ದಿತ್ತು.

ಆ ನೆರಳಿನ ಫೋಟೊ ಪತ್ರಿಕೆಯಲ್ಲಿ ಬರಬೇಕು ಅನ್ನೋದು ನನ್ನ ಆಸೆ. ಚೆಂದದ ಪ್ಯಾಕ್‌ಶಾಟ್ ಇರಲಿ, ಬೇಡ ಅನ್ನಲ್ಲ. ಅದರ ಕೆಳಗೆ ಅಂಗೈ ಮೇಲಿಟ್ಟ ಒಂದು ಫೋಟೊ, ಓರೆ ಬೆಳಕಿನಲ್ಲಿ ಹತ್ತಿರದಿಂದ ತೆಗೆದ ಇನ್ನೊಂದು, ಬುಡ ಮೇಲೆ ಮಾಡಿ ತೆಗೆದ ಮತ್ತೊಂದು. ಅಂಚೆ ಚೀಟಿಯಷ್ಟು ಚಿಕ್ಕದಾಗಿ ಹಾಕಿದರೂ ಸಾಕು.